ಬೀಗದ ಕೈ ಒಂದಾದರೆ ಸಾಲದು

ಕಚೇರಿಯ ಕಂಪ್ಯೂಟರಿಗೆ ಒಂದು ಪಾಸ್‌ವರ್ಡ್, ಕಡತ ನಿರ್ವಹಣೆಗೆ ಇನ್ನೊಂದು, ವೇತನ ಬಿಲ್ಲಿಗೆ ಮತ್ತೊಂದು. ಇವನ್ನೆಲ್ಲ ಚೀಟಿಯಲ್ಲಿ ಬರೆದು ಮೇಜಿನ ಗಾಜಿನಡಿ ಇಟ್ಟಿದ್ದನ್ನು ಸೇವೆಯಲ್ಲಿದ್ದಾಗ ನಾನು ಕಂಡಿದ್ದೇನೆ. ಆದ್ದರಿಂದ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಖಾತೆಯಿಂದಲೇ ವೆಬ್ ತಂತ್ರಾಂಶಗಳಿಗೂ ಪ್ರವೇಶವಿರಲಿ ಎಂಬ ವಾದ ಸಹಜವಾದುದೇ.

ವಿಧಾನ ಹೊಸತಲ್ಲ. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕರ್ಬರಾಸ್ ಪದ್ಧತಿಯನ್ನು ಮೈಕ್ರೋಸಾಫ್ಟ್ ತನ್ನ ವಿಂಡೋಸ್ 2000ದಲ್ಲಿ ಅಳವಡಿಸಿತು. ನೌಕರ ಒಮ್ಮೆ ಗುರುತು ಸಾಬೀತುಪಡಿಸಿದರೆ ವ್ಯವಸ್ಥೆ 'ಟಿಕೆಟ್' ನೀಡುತ್ತದೆ. ಪ್ರತಿ ತಂತ್ರಾಂಶಕ್ಕೂ ಪಾಸ್‌ವರ್ಡ್ ಒಪ್ಪಿಸಬೇಕಿಲ್ಲ. ಇದರ ಬದಲು ತಂತ್ರಾಂಶವೇ ಪಾಸ್‌ವರ್ಡ್ ಪಡೆದು ಸರ್ವರಿನ ಖಾತೆಗಳೊಡನೆ ತಾಳೆ ನೋಡುವುದು ಅಪಾಯಕಾರಿ. ಅದಕ್ಕೆ ಉನ್ನತ ಅಧಿಕಾರ ಕೊಟ್ಟಿದ್ದರಂತೂ, ಅದರಲ್ಲಿನ ಒಂದು ದೋಷದಿಂದ ಇಡೀ ಸರ್ವರೇ ಕೈತಪ್ಪೀತು.

ಆದರೆ ಮೂಲ ಪ್ರಶ್ನೆ ಹೊಣೆಗಾರಿಕೆಯದು. ಪಹಣಿಗಳನ್ನು ಗಣಕೀಕರಿಸಿದ ಕರ್ನಾಟಕದ 'ಭೂಮಿ' ಯೋಜನೆಯು 2000ದ ದಶಕದ ಆರಂಭದಲ್ಲೇ ಸಿಬ್ಬಂದಿಯ ಬೆರಳಚ್ಚು ಕೇಳಿತು. ತಿದ್ದುಪಡಿ ಮಾಡಿದವರು 'ನಾನಲ್ಲ' ಎಂದು ಜಾರಿಕೊಳ್ಳಬಾರದೆಂಬುದು ಅದರ ಆಶಯ. ಒಂದೇ ಖಾತೆಯನ್ನು ಇಡೀ ಶಾಖೆ ಬಳಸಿದರೆ ಈ ಆಶಯ ಮಣ್ಣುಪಾಲಾಗುತ್ತದೆ.

ಏಕಖಾತೆಯ ದೊಡ್ಡ ಲಾಭವೆಂದರೆ, ಅದನ್ನು ಒಂದೆಡೆ ರದ್ದುಪಡಿಸಿದರೆ ಹೊಸ ಪ್ರವೇಶಕ್ಕೆ ಎಲ್ಲೆಡೆ ತಡೆ ಬೀಳುತ್ತದೆ. ವರ್ಗಾವಣೆ, ನಿವೃತ್ತಿಯ ಆದೇಶದೊಂದಿಗೇ ಅದು ನಡೆಯಬೇಕು. ದೊಡ್ಡ ಅಪಾಯವೂ ಅಲ್ಲೇ ಇದೆ: ಕಳುವಾದ ಒಂದು ಪಾಸ್‌ವರ್ಡ್ ಎಲ್ಲ ಬಾಗಿಲನ್ನೂ ತೆರೆಯಬಲ್ಲದು. ಹಣ ಮತ್ತು ಭೂದಾಖಲೆಗಳ ವಿಷಯದಲ್ಲಿ ಎರಡನೆಯ ದೃಢೀಕರಣ ಕಡ್ಡಾಯವಾಗಲಿ. ನೌಕರರ ಅನುಕೂಲ ಮುಖ್ಯ. ಪ್ರಜೆಯ ದಾಖಲೆಯ ಸುರಕ್ಷತೆ ಅದಕ್ಕಿಂತ ಮುಖ್ಯ.