ಹಾಡು ಎಲ್ಲೈತಿ ಇದ್ರಾಗ?

ಈ ಪ್ರಶ್ನೆ ಕೇಳಿ ಕೇಳಿ ನನ್ನ ಅಕ್ಕನ ಮಗ ಬೇಸತ್ತಿದ್ದಾನೆ. ಕಾಗಿನೆಲೆಯ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲೇ ಮಿನಿಮಲ್ ಹೌಸ್, ಆಂಬಿಯೆಂಟ್ ಅಂತ ಸಂಗೀತ ಮಾಡ್ತಾನೆ. ಇಲ್ಲಿಯವರೆಗೆ ಆರು ಟ್ರ್ಯಾಕ್ ಇಂಟರ್‌ನೆಟ್ಟಿಗೆ ಹಾಕಿದ್ದಾನೆ. ಮಾತಿಲ್ಲ, ಪಲ್ಲವಿ ಇಲ್ಲ. ಎಲ್ಲರದೂ ಒಂದೇ ಸಲಹೆ: "ಒಂದು ಜಾನಪದ ಹಾಡು ಸೇರಸಪಾ, ಮಂದಿ ಕೇಳ್ತಾರ." ಅವನೂ ಈಗ ಸೇರಿಸೋಣ ಅಂತಿದ್ದಾನೆ. ಬೇಡ ಅನ್ನೋದು ನನ್ನ ವಾದ. ಎದುರಿಗೆ ಹೇಳಿದ್ರೆ "ಮಾಮಾ, ನೀ ಸುಮ್ನ ಹೊಗಳ್ತಿ" ಅಂತಾನೆ, ಅದಕ್ಕೇ ಇಲ್ಲಿ ಬರೀತಿದೀನಿ :-)

ಗೊತ್ತಿಲ್ಲದವರಿಗೆ ಎರಡು ಮಾತು. ಹೌಸ್ ಹುಟ್ಟಿದ್ದು 1980ರ ದಶಕದಲ್ಲಿ, ಶಿಕಾಗೋದ ಡಾನ್ಸ್ ಕ್ಲಬ್ಬುಗಳಲ್ಲಿ. ನಿಮಿಷಕ್ಕೆ ಸುಮಾರು 120 ಪೆಟ್ಟು, ಒಂದೇ ಸಮನೆ. ಅದರ ಅಲಂಕಾರವನ್ನೆಲ್ಲ ಕಳಚಿ, ಪೆಟ್ಟು ಮತ್ತು ಪೆಟ್ಟುಗಳ ನಡುವಿನ ಖಾಲಿ ಜಾಗ ಇಷ್ಟನ್ನೇ ಉಳಿಸಿಕೊಂಡ್ರೆ ಮಿನಿಮಲ್. ಆಂಬಿಯೆಂಟ್‌ಗೆ ಆ ಪೆಟ್ಟೂ ಬೇಕಂತಿಲ್ಲ. ಬ್ರಯಾನ್ ಈನೋ 1978ರಲ್ಲಿ ವಿಮಾನ ನಿಲ್ದಾಣಕ್ಕಂತ ಒಂದು ಆಲ್ಬಂ ಮಾಡಿ ಅದಕ್ಕೆ ಈ ಹೆಸರಿಟ್ಟ. ಗಮನ ಕೊಟ್ರೂ ಸರಿ, ಬಿಟ್ರೂ ಸರಿ, ಕೋಣೆಯ ಗಾಳಿ ಹಾಗೆ ಇರುತ್ತೆ.

"ಇದು ನಮ್ಮದಲ್ಲ" ಅನ್ನೋರನ್ನ ಕಂಡ್ರೆ ನನಗೆ ನಗು ಬರುತ್ತೆ. ನಮ್ಮ ಕಡೆ ಶ್ರಾವಣದಲ್ಲಿ ಸಪ್ತಾಹ ಭಜನೆ ಕೂರ್ತಾರಲ್ಲ, ಏಳು ದಿನ ಹಗಲೂ ರಾತ್ರಿ ಅದೇ ಸಾಲು! ರಾತ್ರಿ ಎರಡು ಗಂಟೆ ಹೊತ್ತಿಗೆ ಮಾತಿನ ಅರ್ಥ ಎಲ್ಲೋ ಕರಗಿ, ತಾಳದ ಕಂಚಿನ ಸದ್ದಷ್ಟೇ ಕಿವೀಲಿ ಉಳಿಯುತ್ತೆ. ಆಗ ಯಾರಾದ್ರೂ "ಹಾಡು ಎಲ್ಲೈತಿ" ಅಂತ ಕೇಳಿದಾರಾ?

ಇನ್ನೊಂದು ಎಳೆ ಇದೆ. ಹಾನಗಲ್ಲ ನಮ್ಮ ಜಿಲ್ಲೆಯದೇ. ಆ ಊರಿನ ಹೆಸರು ಹೊತ್ತ ಗಂಗೂಬಾಯಿಯವರಿಗೆ ಕಲಿಸಿದ್ದು ಕುಂದಗೋಳದ ಸವಾಯಿ ಗಂಧರ್ವರು, ಅವರ ಗುರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್. ಕರೀಂ ಖಾನರ ಬಂಧು ಅಬ್ದುಲ್ ವಹೀದ್ ಖಾನ್. ಆ ವಹೀದ್ ಖಾನರ ಶಿಷ್ಯ ಪಂಡಿತ್ ಪ್ರಾಣನಾಥ್ 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಅಮೆರಿಕದ ಮಿನಿಮಲ್ ಸಂಗೀತದ ಹಿರಿಯರಾದ ಲಾ ಮಾಂಟೆ ಯಂಗ್, ಟೆರ್ರಿ ರೈಲಿ ಇಬ್ಬರೂ ಅವರ ಮುಂದೆ ತಂಬೂರಿ ಹಿಡಿದು ಕೂತರು. ಇನ್ನೊಬ್ಬ ಶಿಷ್ಯ ಜಾನ್ ಹಸೆಲ್ 1980ರಲ್ಲಿ ಈನೋ ಜೊತೆ ಸೇರಿ ಆಲ್ಬಂ ಮಾಡಿದ. ಎಲ್ಲಾ ನಾವೇ ಕಲಿಸಿದ್ದು ಅಂತ ಎದೆ ತಟ್ಟಿಕೊಳ್ಳೋ ಪೈಕಿ ನಾನಲ್ಲ. ಪ್ರಾಣನಾಥರು ಹೋಗೋ ಮುಂಚೆಯೇ ಯಂಗ್ ಒಂದೇ ಸ್ವರವನ್ನ ಗಂಟೆಗಟ್ಟಲೆ ಎಳೀತಿದ್ದ. ಆದ್ರೆ ಗಂಗೂಬಾಯಿಯವರು ಒಂದು ಸ್ವರದ ಮೇಲೆ ನಿಂತಾಗ ನಾವು ಕಾಯ್ತೀವಿ, ಈ ಹುಡುಗ ನಿಂತ್ರೆ ಮುಂದಿನದಕ್ಕೆ ಒತ್ತಿಬಿಡ್ತೀವಿ.

ಇನ್ನು ಯಂತ್ರದ ಸಂಗೀತ ಅನ್ನೋ ಮೂದಲಿಕೆ. ಕಛೇರಿಯಲ್ಲಿ ಗಾಯಕರ ಪಕ್ಕ ಗುಂಯ್ ಅಂತಿರೋ ಆ ಸಣ್ಣ ಪೆಟ್ಟಿಗೆ ನೋಡಿದೀರಲ್ಲ? ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು, ಆಮೇಲೆ ಅವರ ರೇಡೆಲ್ ಕಂಪನಿಯಿಂದ ತಂಬೂರಿಯೂ ಬಂತು. ಅದೂ ಸರ್ಕ್ಯೂಟೇ ಸ್ವಾಮಿ! ಅದನ್ನ ದೇವರ ಮನೇಲಿ ಇಟ್ಟೀವಿ, ಲ್ಯಾಪ್‌ಟಾಪನ್ನ ಮಾತ್ರ ಬೈತೀವಿ.

ಹಾಗಂತ ಈ ಜಾತಿಯದೆಲ್ಲ ಚೆನ್ನಾಗಿದೆ ಅಂತಲ್ಲ. ಲೂಪ್ ಹಾಕಿ ನಿದ್ದೆ ಹೋದವರೇ ಜಾಸ್ತಿ. ಏನೂ ಆಗದೇ ಇರೋದಕ್ಕೂ ಸ್ವಲ್ಪ ಸ್ವಲ್ಪವೇ ಆಗೋದಕ್ಕೂ ವ್ಯತ್ಯಾಸ ಇದೆ. ನಮ್ಮ ಹುಡುಗನ ಮೊದಲೆರಡು ಟ್ರ್ಯಾಕ್ ಯಾರು ಬೇಕಾದ್ರೂ, ಎಲ್ಲಿ ಕೂತು ಬೇಕಾದ್ರೂ ಮಾಡಬಹುದಾದದ್ದು. ನಾಲ್ಕನೆಯದು ಬೇರೆ. ಒಣಗಿದ ಬ್ಯಾಡಗಿ ಮೆಣಸಿನಕಾಯಿ ಅಲ್ಲಾಡಿಸಿದ್ರೆ ಒಳಗೆ ಬೀಜ ಗಲಗಲ ಅನ್ನುತ್ತಲ್ಲ, ಅದನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಪೆಟ್ಟಿನ ನಡುವೆ ಇಟ್ಟಿದ್ದಾನೆ. ಒಂಬತ್ತು ನಿಮಿಷ. ಐದನೇ ನಿಮಿಷದಲ್ಲಿ ಪೆಟ್ಟು ನಿಂತು ಬರೀ ಬೀಜದ ಸದ್ದು ಉಳಿಯುತ್ತೆ, ನನಗೆ ಪ್ರತಿ ಸಲ ಗಂಟಲಲ್ಲಿ ಘಾಟು ಹತ್ತಿದ ಹಾಗಾಗುತ್ತೆ. ಅವನು ಜಾನಪದ ಹಾಡು ತೂರಿಸಬೇಕು ಅಂತಿರೋದು ಸರಿಯಾಗಿ ಆ ಜಾಗದಲ್ಲೇ.