ವಾರಂಟಿ ಮುಗಿದ ಡೀಸೆಲ್ ವ್ಯಾನ್: ಹೊಗೆಯ ಲೆಕ್ಕ ಯಾರ ತಲೆಗೆ?



ಲಂಡನ್ನಿನ ಯೂಲೆಝ್ ವಲಯ 2023ರ ಆಗಸ್ಟ್ 29ರಂದು ನಗರದ ಎಲ್ಲ ಬರೋಗಳಿಗೂ ವಿಸ್ತರಿಸಿತು. ಅದಕ್ಕೂ ಮೊದಲೇ, 2021ರಲ್ಲಿ, ಬಾತ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳಲ್ಲಿ ಇಂಥ ಶುಲ್ಕ ಶುರುವಾಗಿತ್ತು. 2022ರಲ್ಲಿ ಬ್ರಿಸ್ಟಲ್ ಸೇರಿಕೊಂಡಿತು. ಲಂಡನ್ನಿನಲ್ಲಿ ಯೂರೋ 6 ಮಟ್ಟ ಮುಟ್ಟದ ಡೀಸೆಲ್ ವ್ಯಾನಿಗೆ ದಿನಕ್ಕೆ 12.50 ಪೌಂಡ್. ಕೇಟರಿಂಗ್, ಡೆಲಿವರಿ, ಮನೆ ರಿಪೇರಿ ಎಂದು ವ್ಯಾನನ್ನೇ ನಂಬಿ ದುಡಿಯುವವರು ಈ ಖರ್ಚು ತಾಳಲಾರದೆ ಯೂರೋ 6 ಗಾಡಿ ಕೊಂಡರು, ಹಲವರು ಸೆಕೆಂಡ್ ಹ್ಯಾಂಡಿನಲ್ಲೇ ಕೊಂಡರು. ಈಗ ಆ ಗಾಡಿಗಳಿಗೂ ವಯಸ್ಸಾಗುತ್ತಿದೆ. ಹೆಚ್ಚಿನ ವ್ಯಾನ್‌ಗಳಿಗೆ ಯೂರೋ 6 ಕಡ್ಡಾಯವಾದದ್ದು 2016ರ ಸೆಪ್ಟೆಂಬರಿನಿಂದ. ಕಂಪನಿಯ ವಾರಂಟಿ ಇರುವುದು ಸಾಮಾನ್ಯವಾಗಿ ಮೂರು ವರ್ಷ, ಕೆಲವು ಕಡೆ ಐದು. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿದರೆ ಬಿಲ್ಲು ನಮ್ಮದೇ!

ಸೈಲೆನ್ಸರಿನೊಳಗೆ ಏನಿದೆ?

ಡಿಪಿಎಫ್ ಎಂಬ ಫಿಲ್ಟರ್ ಮಸಿಯನ್ನು ಹಿಡಿದಿಟ್ಟುಕೊಂಡು, ಸುಮಾರು 600 ಡಿಗ್ರಿ ಬಿಸಿಯಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಶಾಲೆಗೆ, ಅಂಗಡಿಗೆ ಎಂದು ಎರಡು ಮೈಲಿ ಓಡಿ ನಿಲ್ಲುವ ಗಾಡಿಯಲ್ಲಿ ಆ ಬಿಸಿ ಬರುವುದೇ ಇಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಜಿಆರ್ ವಾಲ್ವ್ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುತ್ತದೆ, ಅದಕ್ಕೂ ಮಸಿ ಮೆತ್ತಿಕೊಳ್ಳುತ್ತದೆ. ಇನ್ನು ಆಡ್‌ಬ್ಲೂ. ಇದು 32.5 ಪ್ರತಿಶತ ಯೂರಿಯಾ ಬೆರೆತ ನೀರು; ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡನ್ನು ಸಾರಜನಕ ಮತ್ತು ನೀರಾಗಿ ಬದಲಾಯಿಸುತ್ತದೆ. ಇದರ ಪಂಪ್, ಹೀಟರ್, ನಾಕ್ಸ್ ಸೆನ್ಸರ್ ಯಾವುದು ಕೈಕೊಟ್ಟರೂ 'ಇನ್ನು ಇಷ್ಟು ಮೈಲಿ ಓಡಿದ ಮೇಲೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ' ಎಂಬ ಎಚ್ಚರಿಕೆ ಬರಬಹುದು. ಇದು ಕಂಪನಿಯ ಹಠವಲ್ಲ. ದೋಷವಿಟ್ಟುಕೊಂಡೇ ಓಡಿಸಬಾರದೆಂದು ಯೂರೋ 6 ನಿಯಮವೇ ಹಾಗೆ ಹೇಳುತ್ತದೆ. ದುಡಿಮೆಗೆ ಹೊರಟವನ ಪಾಲಿಗೆ ಮಾತ್ರ ಅದು ಗಾಡಿಗೆ ಬೀಗ ಹಾಕಿದಂತೆಯೇ.

ವ್ಯವಸ್ಥೆಯ ವಿಚಿತ್ರ

ವಲಯದ ಕ್ಯಾಮೆರಾ ನೋಡುವುದು ನಂಬರ್ ಪ್ಲೇಟನ್ನು, ಹೊಗೆಯನ್ನಲ್ಲ. ದಾಖಲೆಯಲ್ಲಿ ಯೂರೋ 6 ಎಂದಿದ್ದರೆ ಸಾಕು. ವಾರ್ಷಿಕ ಎಂಒಟಿ ಪರೀಕ್ಷೆಯಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ದಟ್ಟವಾಗಿದೆ ಎಂದು ಅಳೆಯುತ್ತಾರೆಯೇ ಹೊರತು ನೈಟ್ರೋಜನ್ ಆಕ್ಸೈಡನ್ನಲ್ಲ. ಎಂಜಿನ್ ದೀಪ ಹೊತ್ತಿದ್ದರೆ ಮಾತ್ರ ಫೇಲ್. ಯೂರೋ 6 ನಿಯಮದಲ್ಲಿ ಈ ಉಪಕರಣಗಳು 1,60,000 ಕಿಲೋಮೀಟರ್ ಬಾಳಬೇಕೆಂಬ ಪರೀಕ್ಷೆ ಇದೆ. ಆದರೆ ಅದು ಕಂಪನಿ ಮತ್ತು ಸರ್ಕಾರದ ನಡುವಿನ ಮಾತು. ಅದನ್ನು ತೋರಿಸಿ ಮಾಲೀಕ ರಿಪೇರಿ ಕೇಳುವಂತಿಲ್ಲ. ಅಮೆರಿಕದ ಫೆಡರಲ್ ಕಾನೂನಾದರೋ ಕಾರು ಮತ್ತು ಲಘು ಟ್ರಕ್ಕುಗಳ ಕ್ಯಾಟಲಿಟಿಕ್ ಕನ್ವರ್ಟರ್, ಎಂಜಿನ್ ಕಂಪ್ಯೂಟರ್‌ನಂಥ ಮುಖ್ಯ ಭಾಗಗಳಿಗೆ 8 ವರ್ಷ ಅಥವಾ 80,000 ಮೈಲಿಯ ಪ್ರತ್ಯೇಕ ವಾರಂಟಿ ಕೊಡಿಸಿದೆ. ಬ್ರಿಟನ್ನಿನಲ್ಲಿ ಅಂಥದ್ದಿಲ್ಲ. ಶುದ್ಧ ಗಾಳಿ ಬೇಕು ಎನ್ನುವುದು ಸರಿಯೇ, ನಮ್ಮ ಮಕ್ಕಳು ಉಸಿರಾಡುವುದೂ ಅದೇ ಗಾಳಿಯನ್ನು. ಆದರೆ ಆ ಗಾಳಿಯ ಖರ್ಚನ್ನೆಲ್ಲ ಎರಡನೇ, ಮೂರನೇ ಮಾಲೀಕನ ತಲೆಗೆ ಕಟ್ಟಿದ್ದು ಎಷ್ಟು ಸರಿ?

ಹಾಗಾದರೆ ಏನು ಮಾಡಬೇಕು?

ಮೊದಲು, ದೀಪ ಕಂಡ ತಕ್ಷಣ ಭಾಗ ಬದಲಾಯಿಸಲು ಹೊರಡಬೇಡಿ. ದೋಷದ ಕೋಡ್‌ಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಕೋಡ್ ತೋರಿಸುವುದು ಲಕ್ಷಣವನ್ನು, ರೋಗವನ್ನಲ್ಲ. ಒಂದು ಸೆನ್ಸರಿನ ತಪ್ಪಿಗೆ ಇಡೀ ಡಿಪಿಎಫ್ ಬದಲಾಯಿಸಿದರೆ ದೀಪ ಮತ್ತೆ ಹೊತ್ತುತ್ತದೆ. ಡಿಪಿಎಫ್ ದೀಪವೊಂದೇ ಇದ್ದರೆ, ಮ್ಯಾನುಯಲ್ ನೋಡಿಕೊಂಡು, ಮೋಟಾರ್‌ವೇಯಲ್ಲಿ ಒಂದಿಷ್ಟು ಹೊತ್ತು ನಿಲ್ಲಿಸದೆ ಓಡಿಸಿದರೆ ಅದೇ ಆರುವುದೂ ಉಂಟು.

ಎರಡನೆಯದು, ವಾರಂಟಿ ಮುಗಿದರೆ ಹಕ್ಕೂ ಮುಗಿಯಿತು ಎಂದುಕೊಳ್ಳಬೇಡಿ. ಸ್ವಂತ ಬಳಕೆಗೆ ಡೀಲರ್ ಹತ್ತಿರ ಕೊಂಡಿದ್ದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಅನ್ವಯಿಸುತ್ತದೆ. ಮೊದಲ 30 ದಿನದಲ್ಲಿ ದೋಷವಿರುವ ಗಾಡಿಯನ್ನು ಹಿಂದಿರುಗಿಸಬಹುದು. ಆರು ತಿಂಗಳೊಳಗೆ ಕಂಡ ದೋಷ ಕೊಂಡಾಗಲೇ ಇತ್ತೆಂದು ಕಾನೂನು ಭಾವಿಸುತ್ತದೆ. ಇರಲಿಲ್ಲವೆಂದು ಡೀಲರೇ ತೋರಿಸಬೇಕು. ಆಮೇಲೆ ಸಾಬೀತು ಮಾಡುವ ಹೊಣೆ ನಮ್ಮದು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ದಾವೆಗೆ ಆರು ವರ್ಷ, ಸ್ಕಾಟ್ಲೆಂಡಿನಲ್ಲಿ ಐದು ವರ್ಷ ಅವಕಾಶ. ಗಾಡಿಯ ವಯಸ್ಸು, ಓಡಿದ ಮೈಲಿ, ಕೊಟ್ಟ ಬೆಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವ್ಯಾಪಾರಕ್ಕೆಂದು ಕೊಂಡ ವ್ಯಾನಿಗೆ ಈ ಕಾಯ್ದೆ ಇಲ್ಲ, 1979ರ ಸರಕು ಮಾರಾಟ ಕಾಯ್ದೆ ಇದೆ. ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ ಗುಣಮಟ್ಟದ ಹಕ್ಕು ಸಿಗುವುದಿಲ್ಲ, ಆದ್ದರಿಂದ ಕೊಳ್ಳುವ ಮುಂಚೆಯೇ ಪರೀಕ್ಷೆ ಮಾಡಿಸಿ.

ಮೂರನೆಯದು, ಕೇಳಿ ನೋಡಿ. ಸರ್ವಿಸ್ ಪುಸ್ತಕ ಪೂರ್ತಿಯಾಗಿದ್ದರೆ, ವಾರಂಟಿ ಮುಗಿದ ಮೇಲೂ ಆಡ್‌ಬ್ಲೂ ಟ್ಯಾಂಕಿನಂಥ ಭಾಗಕ್ಕೆ ಕಂಪನಿಗಳು ಖರ್ಚಿನ ಪಾಲು ಕೊಟ್ಟದ್ದುಂಟು. ಫೋನಿನಲ್ಲಿ ಅಲ್ಲ, ಬರವಣಿಗೆಯಲ್ಲಿ ಕೇಳಿ. ಬಿಲ್ಲುಗಳನ್ನೆಲ್ಲ ಜೋಪಾನವಾಗಿಡಿ. ಡೀಲರ್ ಅಥವಾ ಕಂಪನಿ ಮೋಟಾರ್ ಒಂಬುಡ್ಸ್‌ಮನ್ ವ್ಯವಸ್ಥೆಯ ಸದಸ್ಯರಾಗಿದ್ದರೆ ಅಲ್ಲಿಗೂ ದೂರು ಒಯ್ಯಬಹುದು.

ಅಡ್ಡದಾರಿ ಬೇಡ

'ಡಿಪಿಎಫ್ ತೆಗೆದುಬಿಡೋಣ, ಆಡ್‌ಬ್ಲೂ ಸಾಫ್ಟ್‌ವೇರಿನಲ್ಲೇ ಆಫ್ ಮಾಡೋಣ, ಕೆಲವೇ ನೂರು ಪೌಂಡು' ಎನ್ನುವವರು ಸಿಗುತ್ತಾರೆ. ಹೊಸ ಡಿಪಿಎಫ್ ಬೆಲೆ ಸಾವಿರ ಪೌಂಡ್ ದಾಟಬಹುದಾದ್ದರಿಂದ ಮನಸ್ಸು ವಾಲುವುದು ಸಹಜ. ಆದರೆ 2014ರ ಫೆಬ್ರುವರಿಯಿಂದ ಎಂಒಟಿಯಲ್ಲಿ ಡಿಪಿಎಫ್ ಇದೆಯೇ ಎಂದು ನೋಡುತ್ತಾರೆ. 2018ರ ಮೇ ತಿಂಗಳಿಂದ ಡಿಪಿಎಫ್ ಇರುವ ಗಾಡಿ ಯಾವ ಬಣ್ಣದ ಹೊಗೆ ಬಿಟ್ಟರೂ ಫೇಲ್. ಡಿಪಿಎಫ್ ತೆಗೆದ ಕಾರನ್ನು ರಸ್ತೆಗಿಳಿಸಿದರೆ 1,000 ಪೌಂಡ್, ವ್ಯಾನಾದರೆ 2,500 ಪೌಂಡ್‌ವರೆಗೆ ದಂಡ. ತಿಳಿಸದೆ ಮಾಡಿದ ಮಾರ್ಪಾಡೆಂದು ವಿಮಾ ಕ್ಲೇಮಿಗೂ ತೊಂದರೆ ಬರಬಹುದು. ಮುಂದೆ ಆ ಗಾಡಿಯನ್ನು ಮಾರುವಾಗ ಇನ್ನೊಬ್ಬರ ತಲೆಗೆ ಕಟ್ಟಬೇಕಾದೀತು, ಕೊಳ್ಳುವವರು ನಮ್ಮವರೇ ಆಗಿರಲೂಬಹುದು.

ಹೊಗೆಯ ದೋಷವನ್ನು ಮುಂದೂಡಿದಷ್ಟೂ ಬಿಲ್ಲು ಬೆಳೆಯುತ್ತದೆ. ಆದ್ದರಿಂದ ದೀಪ ಹೊತ್ತಿದ ದಿನವೇ ಕಾಗದಪತ್ರ ತೆಗೆದು ಕೂರುವುದು ಜಾಣತನ. ಜೊತೆಗೆ ನಿಮ್ಮ ಎಂಪಿಗೆ ಒಂದು ಪತ್ರ ಬರೆಯಿರಿ: ಶುಲ್ಕ ವಸೂಲಿಗೆ ಕಾನೂನು ಇರುವಂತೆ ಈ ಉಪಕರಣಗಳ ಬಾಳಿಕೆಗೂ ಮಾಲೀಕನ ಕೈಗೆ ಒಂದು ಹಕ್ಕು ಬರಲಿ. ಅದನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ.