ಇರುವೆಯನ್ನು ದೆವ್ವ ಮಾಡಿದವರು

ದೀಪಾವಳಿಗೆ ರೋಣಕ್ಕೆ ಬಂದಿದ್ದ ನನ್ನ ಅಣ್ಣನ ಮಗ ಗೆಳೆಯರನ್ನು ಕೂಡಿಸಿಕೊಂಡು ಮೇಜಿನ ಸುತ್ತ ಒಂದು ಆಟ ಹೂಡಿದ್ದ. ಹೆಸರು ಶ್ಯಾಡೋರನ್, 1989ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ ಕತೆ ನಡೆಸುತ್ತಾರೆ. ಅದರಲ್ಲಿ ಬರುವ ಮಂತ್ರವಾದಿಗೆ ತೋಳವೋ ಕರಡಿಯೋ ಕುಲಚಿಹ್ನೆಯಾಗಿ ನಿಂತು ಬಲ ಕೊಡುತ್ತದೆ. ಆದರೆ ಇರುವೆ, ಗೆದ್ದಲು, ಕಣಜಗಳ ಪಾಲಿಗೆ ಬಂದದ್ದು ಖಳರ ಪಾತ್ರ. ಅವುಗಳ ಆತ್ಮಗಳು ಮನುಷ್ಯರ ಮೈಹೊಕ್ಕು ಅವರನ್ನೇ ನುಂಗಿಬಿಡುತ್ತವಂತೆ. ಕರೆದ ಮಂತ್ರವಾದಿಯೂ ಕಡೆಗೆ ಆ ಗೂಡಿನ ಆಳು!

ಆಟವೆಂದು ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ಮನೆಯ ಬೆಡಗೇ ಇರುವೆ. ಗೆಳೆಯನೊಬ್ಬ ಬೆಡಗು ಯಾವುದೆಂದು ಕೇಳಿದಾಗ ಹುಡುಗ ಮಾತು ಮರೆಸಿದ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಕುರುಬರ ಬೆಡಗುಗಳಲ್ಲಿ ಆನೆಯಿದೆ, ಅರಿಸಿನವಿದೆ, ಚೇಳಿದೆ, ಇರುವೆಯೂ ಇದೆ. 1909ರಷ್ಟು ಹಿಂದೆಯೇ ಥರ್ಸ್ಟನ್ ಸಾಹೇಬ ತನ್ನ ಏಳು ಸಂಪುಟಗಳ ಗ್ರಂಥದಲ್ಲಿ ಇವನ್ನೆಲ್ಲ ಪಟ್ಟಿ ಮಾಡಿದ. ಆನೆ ಮೇಲು, ಇರುವೆ ಕೀಳು ಎಂದು ನಮ್ಮ ಹಿರಿಯರು ಎಂದೂ ಎಣಿಸಲಿಲ್ಲ. ಏಕೆಂದರೆ ಬೆಡಗು ಬಲ ಕೊಡುವುದಿಲ್ಲ, ಕಟ್ಟು ಹಾಕುತ್ತದೆ. ಒಂದೇ ಬೆಡಗಿನವರು ಅಣ್ಣತಂಗಿಯರು, ಅವರಲ್ಲಿ ಲಗ್ನವಿಲ್ಲ. ನರಗುಂದದ ಹುಡುಗನಿಗೆ ಗಜೇಂದ್ರಗಡದ ಹೆಣ್ಣು ನೋಡುವಾಗ ಹಿರಿಯರು ಮೊದಲು ಕೇಳುವ ಮಾತೇ ಅದು.

‘ಇರುವೆಗೆ ತನ್ನತನವಿಲ್ಲ, ಅದಕ್ಕೆ ಗೂಡೇ ಎಲ್ಲ, ಅದಕ್ಕೇ ಅಂಜಿಕೆ’ ಎಂದು ಹುಡುಗ ವಾದಿಸಿದ. ಒಳ್ಳೆಯದು. ತೋಳವೂ ಹಿಂಡುಗಟ್ಟಿಯೇ ಬೇಟೆಯಾಡುತ್ತದಲ್ಲ! ರಾತ್ರಿ ಹಟ್ಟಿಗೆ ನುಗ್ಗುವುದು ತೋಳವೋ ಇರುವೆಯೋ, ಯಾವ ಕುರಿಗಾರನನ್ನಾದರೂ ಕೇಳಿ ನೋಡಿ.

ಮೈದುಂಬುವುದೂ ನಮಗೆ ಹೊಸದಲ್ಲ. ಮೈಲಾರಲಿಂಗನ ಗೊರವಯ್ಯ ನಾಯಿಯಂತೆ ಬೊಗಳುತ್ತಾನೆ, ದೋಣಿಯಲ್ಲಿಟ್ಟದ್ದಕ್ಕೆ ಬಾಯಿ ಹಾಕಿ ತಿನ್ನುತ್ತಾನೆ. ಸೇವೆ ಮುಗಿಯಿತೆಂದರೆ ಎದ್ದು ಕಂಬಳಿ ಕೊಡವಿ ತನ್ನ ಕೆಲಸಕ್ಕೆ ನಡೆಯುತ್ತಾನೆ. ನಾಯಿಯಾದದ್ದರಿಂದ ಅವನ ಮನುಷ್ಯತ್ವಕ್ಕೆ ಕುಂದು ಬಂದದ್ದನ್ನು ಯಾರೂ ಕಂಡಿಲ್ಲ.

ಆಟ ಬೇಡವೆಂದು ನಾನು ಹೇಳುವುದಿಲ್ಲ. ಆಡಲಿ, ಬೇಕಾದರೆ ಇರುವೆ ಬೆಡಗಿನ ಮಂತ್ರವಾದಿಯೊಬ್ಬನನ್ನೂ ತಾನೇ ಹುಟ್ಟಿಸಲಿ. ಅವನಿಗೆ ಬಲವೇನೂ ಬೇಡ, ತನ್ನವರನ್ನು ತುಳಿಯೆನೆಂಬ ಒಂದು ವ್ರತ ಸಾಕು. ಆದರೆ ನಾಳೆ ಯಾರಾದರೂ ಬೆಡಗು ಕೇಳಿದರೆ ಹುಡುಗ ತಲೆಯೆತ್ತಿ ಹೇಳಬೇಕು. ಇರುವೆಯ ಹೆಸರು ಹೇಳಲು ನಾಚುವವನು ಅಜ್ಜನ ಹೆಸರು ಹೇಳಲೂ ನಾಚಿಯಾನು.